ಗಾಜಿಗೊಂದು ಕಪ್ಪು ಮೂತಿ: ಕಿಟಕಿಯಿಂದ ಚಳಿಗಾಲದ ಫೋಟೊ ತೆಗೆಯಲು ಹಲಗೆ ಕಟ್ಟುವ ಕೆಲಸ

ಹಳ್ಳಿಮನೆಯ ಕಿಟಕಿಯಾಚೆ ಬಯಲೆಲ್ಲ ಹಿಮ ಹೊದ್ದು ಮಲಗಿರುತ್ತದೆ. ಒಳಗೆ ನಿಂತು ಒಂದು ಫೋಟೊ ತೆಗೆದರೆ ಸಿಗುವುದು ಬೂದು ಬಯಲು, ಅದರ ಮೇಲೆ ತೇಲುವ ಕೋಣೆಯ ದೀಪ, ಕ್ಯಾಮೆರಾ ಹಿಡಿದ ಎರಡು ಕೈಗಳ ನೆರಳು. ಇಂಥ ಫೋಟೊ ನೋಡಿ ಲೆನ್ಸ್ ಬದಲಾಯಿಸಲು ಹೊರಡುವವರೇ ಹೆಚ್ಚು. ಆದರೆ ಕೆಡಿಸಿದ್ದು ಲೆನ್ಸಲ್ಲ, ಕೋಣೆ: ಅದರ ಬೆಳಕು, ಅದರ ಬಿಸಿ, ಅದರ ತೇವ. ಕಿಟಕಿಯ ಗಾಜನ್ನು ಲೆನ್ಸಿನ ಮೊದಲ ಗಾಜು ಎಂದೇ ಲೆಕ್ಕಕ್ಕೆ ಹಿಡಿದರೆ ಮಾಡಬೇಕಾದ್ದು ತಾನಾಗಿ ತಿಳಿಯುತ್ತದೆ. ಅದಕ್ಕೂ ಪಕ್ಕದ ಬೆಳಕು ತಡೆಯುವ ಒಂದು ಮುಚ್ಚುಗೆ, ಅಂದರೆ ಹುಡ್, ಬೇಕು, ಅದೂ ಒಣಗಿರಬೇಕು, ಕ್ಯಾಮೆರಾ ಅದಕ್ಕೆ ನೇರ ಎದುರಾಗಿ ಅಲುಗದೆ ನಿಲ್ಲಬೇಕು.

ಇಲ್ಲಿ ಕಟ್ಟುತ್ತಿರುವುದು ಮೂರು ಭಾಗಗಳ ವ್ಯವಸ್ಥೆ: ಕಿಟಕಿಯ ಕಟ್ಟೆಗೆ ಕಚ್ಚಿಕೊಳ್ಳುವ ಹಲಗೆ, ಅದರ ತುದಿಯಲ್ಲಿ ನೆಟ್ಟ ಕಪ್ಪು ಫಲಕ, ಫಲಕದ ತೂತಿನಿಂದ ಲೆನ್ಸಿನವರೆಗೆ ಬಟ್ಟೆಯ ಮೂತಿ. ಮರಗೆಲಸ, ಹೊಲಿಗೆ ಸೇರಿ ಎರಡು ಮಧ್ಯಾಹ್ನದ ಕೆಲಸ. ಬಣ್ಣ ಒಣಗುವ ಹೊತ್ತು ಬೇರೆ.

ಮೊದಲು ಕಿಟಕಿಯ ಪರೀಕ್ಷೆ

ಮನೆಯ ಎಲ್ಲ ಕಿಟಕಿಗಳೂ ಇದಕ್ಕೆ ಒದಗುವುದಿಲ್ಲ. ನೋಟ ಚೆನ್ನಾಗಿದೆ ಎಂದು ಆರಿಸುವುದಕ್ಕಿಂತ ಗಾಜು ಚೆನ್ನಾಗಿದೆಯೇ ಎಂದು ನೋಡಿ ಆರಿಸುವುದು ಮೇಲು.

ಮುಸ್ಸಂಜೆ ಕೋಣೆಯ ದೀಪ ಆರಿಸಿ, ಉರಿಯುವ ಮೇಣದಬತ್ತಿಯನ್ನು ಗಾಜಿನ ಹತ್ತಿರ ಹಿಡಿದು ಓರೆಯಾಗಿ ನೋಡಿ. ಒಂಟಿ ಗಾಜಾದರೆ ಜ್ವಾಲೆಯ ಎರಡು ಬಿಂಬ ಅಂಟಿಕೊಂಡಂತೆ ಕಾಣುತ್ತವೆ. ಜೋಡಿ ಗಾಜಾದರೆ ನಾಲ್ಕು, ಎರಡೆರಡರ ಜೊತೆಯಾಗಿ. ನಾಲ್ಕರಲ್ಲಿ ಒಂದರ ಬಣ್ಣ ಮಾತ್ರ ಬೇರೆ ಇದ್ದರೆ ಆ ಗಾಜಿಗೆ ಬಿಸಿ ತಡೆಯುವ ತೆಳು ಲೇಪನವಿದೆ ಎಂದರ್ಥ. ಫೋಟೊದ ಬಣ್ಣವೂ ತುಸು ವಾಲುತ್ತದೆ. ಲೇಪನವಿಲ್ಲದ ಗಾಜಿನ ಪ್ರತಿ ಮೈಯೂ ನೇರ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಒಂಟಿ ಗಾಜಿನಲ್ಲಿ ಅದು ಶೇ. 8, ಜೋಡಿಯಲ್ಲಿ ಶೇ. 15ರ ಹತ್ತಿರ. ಕೇಳಲು ಕಡಿಮೆ ಅನ್ನಿಸಬಹುದು. ಆದರೆ ಹೊರಗೆ ಮುಸ್ಸಂಜೆಯ ನಸುಬೆಳಕು, ಒಳಗೆ ದೀಪ ಉರಿಯುತ್ತಿದೆ ಎಂದಾಗ ಆ ಶೇ. 15 ಹೊರಗಿನ ನೋಟವನ್ನೇ ನುಂಗಿಹಾಕುತ್ತದೆ.

ಎರಡನೆಯ ಪರೀಕ್ಷೆಗೆ ದೂರದ ಬೇಲಿಯನ್ನೋ ತಂತಿಯನ್ನೋ ದಿಟ್ಟಿಸುತ್ತ ತಲೆಯನ್ನು ನಿಧಾನ ಎಡಕ್ಕೂ ಬಲಕ್ಕೂ ಆಡಿಸಿ. ಗೆರೆ ಹಾವಿನಂತೆ ಹೊರಳಿದರೆ ಗಾಜು ಅಲೆಅಲೆಯಾಗಿದೆ. ಕರಗಿದ ತವರದ ಮೇಲೆ ತೇಲಿಸಿ ಮಾಡುವ ಫ್ಲೋಟ್ ಗಾಜು ಬಂದದ್ದು 1950ರ ದಶಕದ ಕೊನೆಗೆ. ಅದಕ್ಕೂ ಹಳೆಯ ಮನೆಗಳಲ್ಲಿ ಎಳೆದು ಮಾಡಿದ ಗಾಜು ಇನ್ನೂ ಉಳಿದಿರುತ್ತದೆ. ಕಣ್ಣಿಗೆ ಅದು ಬಲು ಚೆಂದ. ಅಗಲ ನೋಟದ 35 ಮಿ.ಮೀ. ಲೆನ್ಸಿಗೂ ತೊಂದರೆಯಿಲ್ಲ. ದೂರದ್ದನ್ನು ಹತ್ತಿರ ತರುವ 200 ಮಿ.ಮೀ. ಹಾಕಿದರೆ ಮಾತ್ರ ಯಾವ ಫೋಕಸ್ಸೂ ಕೂರುವುದಿಲ್ಲ. ಅಂಥ ಗಾಜಿನಲ್ಲೂ ಅಂಗೈಯಗಲದ ಒಂದೆರಡು ಕಡೆ ಗೆರೆ ನೆಟ್ಟಗೆ ಕಾಣುತ್ತದೆ. ಆ ಜಾಗ ಹುಡುಕಿ, ಗಾಜಿನ ಮೂಲೆಯಿಂದ ಅಳತೆ ಬರೆದಿಟ್ಟುಕೊಳ್ಳಿ. ಮೂತಿ ಕೂರಬೇಕಾದ್ದು ಅಲ್ಲೇ. ಜೋಡಿ ಗಾಜಿನಲ್ಲಿ ಚಳಿ ಹೆಚ್ಚಿದಂತೆ ನಡುವಿನ ಗಾಳಿ ಕುಗ್ಗಿ ಎರಡೂ ಗಾಜು ಒಳಕ್ಕೆ ಬಾಗುತ್ತವೆ. ಅಂಚಿನ ಹತ್ತಿರ ಬಾಗು ಓರೆಯಾಗುವುದರಿಂದ ಅಲ್ಲಿ ಬಿಂಬ ಎರಡಾಗುತ್ತದೆ. ಆದ್ದರಿಂದ ಜೋಡಿ ಗಾಜಿನಲ್ಲಿ ನಡುಭಾಗವೇ ಒಳ್ಳೆಯದು.

ಹೊರಗಿನ ಬಯಲಿಗೆ ಬಿಸಿಲು ಬಿದ್ದು, ಗಾಜು ಮಾತ್ರ ನೆರಳಿನಲ್ಲಿರುವ ಕಿಟಕಿ ಸಿಕ್ಕರೆ ಬೇರೆಯದನ್ನು ಹುಡುಕಬೇಡಿ. ಗಾಜಿಗೇ ಬಿಸಿಲು ಬಿದ್ದರೆ ಪ್ರತಿ ಧೂಳಿನ ಕಣವೂ ಹೊಳೆದು ಚಿತ್ರದ ಮೇಲೆ ಹಾಲು ಚೆಲ್ಲಿದಂತಾಗುತ್ತದೆ. ಸೊಳ್ಳೆ ಜಾಲರಿ ಇದ್ದರೆ ಕಳಚಿಡಿ.

ಹಲಗೆ

ಬೇಕಾದ್ದು 18 ಮಿ.ಮೀ. ದಪ್ಪದ ಪ್ಲೈವುಡ್: ಹಲಗೆಗೆ 600 × 300 ಮಿ.ಮೀ. ತುಂಡೊಂದು, ಅದನ್ನು ಕೆಳಗಿನಿಂದ ಹೊರುವ ಎರಡು ತ್ರಿಕೋನಗಳು (250 × 200). ಜೊತೆಗೆ ಎರಡು ಜಿ-ಕ್ಲಾಂಪ್, 5 ಮಿ.ಮೀ. ರಬ್ಬರ್ ಹಾಳೆ, ಎಂಟು ಮರದ ಸ್ಕ್ರೂ (4 × 40), ಒಂದು ಬಾಲ್ ಹೆಡ್ (ಕ್ಯಾಮೆರಾವನ್ನು ಬೇಕಾದ ಕಡೆಗೆ ತಿರುಗಿಸಿ ಬಿಗಿಯುವ ಗುಂಡುಕೀಲು), ಅದನ್ನು ಕೂರಿಸಲು 3/8 ಇಂಚಿನ ಬೋಲ್ಟು.

ಟ್ರೈಪಾಡ್ ಇದ್ದಾಗ ಹಲಗೆ ಏಕೆ? ಹಳ್ಳಿಮನೆಗಳ ನೆಲ ಬಹಳ ಕಡೆ ಮರದ್ದು. ಪಕ್ಕದ ಕೋಣೆಯಲ್ಲಿ ಯಾರಾದರೂ ನಡೆದರೆ ಟ್ರೈಪಾಡ್ ಕಾಲುಗಳು ಅದನ್ನು ನೇರ ಕ್ಯಾಮೆರಾಕ್ಕೆ ಮುಟ್ಟಿಸುತ್ತವೆ. ಅರ್ಧ ಸೆಕೆಂಡಿನ ಎಕ್ಸ್‌ಪೋಷರಿನಲ್ಲಿ ಅದು ಕಾಣದೆ ಇರುವುದಿಲ್ಲ. ಗೋಡೆ ಹಾಗೆ ಅಲುಗುವುದಿಲ್ಲ. ಹಾಗಾಗಿ ಹಲಗೆಯ ಮುಂದಿನ ಅಂಚು ಕಿಟಕಿಯ ಕಟ್ಟೆಯ ಮೇಲೆ ಕೂತು ಕ್ಲಾಂಪಿನಿಂದ ಬಿಗಿಯಾಗುತ್ತದೆ, ತ್ರಿಕೋನಗಳು ಕೆಳಗಿನ ಗೋಡೆಗೆ ಒರಗುತ್ತವೆ, ನೆಲಕ್ಕೆ ಏನೂ ತಾಗುವುದಿಲ್ಲ. ತ್ರಿಕೋನ ಗೋಡೆಗೆ ಒರಗುವ ಕಡೆ ರಬ್ಬರ್ ಅಂಟಿಸಿ. ಕ್ಲಾಂಪು ಕಚ್ಚಲು ಕಟ್ಟೆ ಗೋಡೆಯಿಂದ ಕನಿಷ್ಠ 30 ಮಿ.ಮೀ. ಮುಂಚಾಚಿರಬೇಕು. ಚಾಚಿಲ್ಲದಿದ್ದರೆ ಕಟ್ಟೆಯ ಕೆಳಗೆ ಗೋಡೆಗೆ ಒಂದು ಮರದ ಪಟ್ಟಿ ಸ್ಕ್ರೂ ಮಾಡಿ ಅದಕ್ಕೆ ಕಚ್ಚಿಸಿ. ಕ್ಯಾಮೆರಾ ಇಡುವ ಮೊದಲು ಹಲಗೆಯ ಹಿಂದಂಚಿನ ಮೇಲೆ ಆರು ಕಿಲೊ ಭಾರ ಒಂದು ರಾತ್ರಿ ಇಟ್ಟು ನೋಡಿ. ಬೆಳಗ್ಗೆ ಹಲಗೆ ಕೂದಲೆಳೆಯಷ್ಟೂ ಇಳಿದಿರಬಾರದು.

ಬಾಲ್ ಹೆಡ್ಡಿಗೆ ಒಂದೇ ತೂತು ಕೊರೆದರೆ ಲೆನ್ಸ್ ಬದಲಾದಾಗಲೆಲ್ಲ ಗಾಜಿನಿಂದ ದೂರ ಕೆಡುತ್ತದೆ. ಮುಂದಿನ ಅಂಚಿನಿಂದ 160 ಮಿ.ಮೀ.ಗೆ ಶುರುವಾಗಿ 250ರವರೆಗೆ ಹೋಗುವ, 10 ಮಿ.ಮೀ. ಅಗಲದ ಉದ್ದ ಸೀಳು ಮಾಡಿ. ಎರಡು ತುದಿಯಲ್ಲಿ 10 ಮಿ.ಮೀ. ಡ್ರಿಲ್ ಬಿಟ್ಟಿನಿಂದ ತೂತು ಕೊರೆದು, ನಡುವಿನ ಮರವನ್ನು ಜಿಗ್‌ಸಾದಿಂದ ತೆಗೆದರಾಯಿತು. ಬೋಲ್ಟಿನ ಉದ್ದ ಊಹಿಸಿ ತರಬೇಡಿ. ಹೆಡ್ಡಿನ ತಳದ ತೂತಿಗೆ ಬೆಂಕಿಕಡ್ಡಿ ಇಳಿಸಿ ಆಳ ನೋಡಿ, 18 ಮಿ.ಮೀ. ಹಲಗೆ, 2 ಮಿ.ಮೀ. ವಾಷರ್ ಕಳೆದು ಉಳಿಯುವ ಎಳೆ ಆ ಆಳಕ್ಕಿಂತ ಒಂದು ಮಿ.ಮೀ. ಕಡಿಮೆ ಇರಲಿ. 30 ಮಿ.ಮೀ. ಬೋಲ್ಟಿನಲ್ಲಿ 10 ಮಿ.ಮೀ. ಉಳಿಯುತ್ತದೆ, ತೂತು ಅಷ್ಟು ಆಳವಿಲ್ಲದಿದ್ದರೆ ಇನ್ನೊಂದು ವಾಷರ್ ಸೇರಿಸಿ. ಇಲ್ಲದಿದ್ದರೆ ಬೋಲ್ಟು ತಳಕ್ಕೆ ತಾಗಿ ನಿಲ್ಲುತ್ತದೆ, ಬಿಗಿಯಾದಂತೆ ತೋರುತ್ತದೆ, ಹೆಡ್ ಮಾತ್ರ ಸಡಿಲವಾಗಿ ತಿರುಗುತ್ತದೆ.

ಫಲಕ ಮತ್ತು ಮೂತಿ

ಫಲಕಕ್ಕೆ 6 ಮಿ.ಮೀ. ಪ್ಲೈವುಡ್, 400 × 400. ಅಗಲಕ್ಕೆ ನಡುವಾಗಿ 200 ಮಿ.ಮೀ. ವ್ಯಾಸದ ತೂತು. ಈ 200ರ ಲೆಕ್ಕ ಹೀಗೆ: ಫುಲ್ ಫ್ರೇಮ್ (36 × 24 ಮಿ.ಮೀ. ಸೆನ್ಸರಿನ) ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸ್ ಮೂಲೆಯಿಂದ ಮೂಲೆಗೆ 84 ಡಿಗ್ರಿ ನೋಡುತ್ತದೆ, ಅಂದರೆ ನಡುವಿನಿಂದ ಒಂದೊಂದು ಕಡೆಗೆ 42. ಲೆನ್ಸನ್ನು 10 ಡಿಗ್ರಿ ಆಚೀಚೆ ತಿರುಗಿಸಲು ಎಡೆ ಬೇಕು, ಹಾಗಾಗಿ 52. ಲೆನ್ಸಿನ ಮುಖ ಗಾಜಿನಿಂದ 50 ಮಿ.ಮೀ. ದೂರವಿದ್ದರೆ ಅಷ್ಟರಲ್ಲಿ ನೋಟ ಪಕ್ಕಕ್ಕೆ ಹರಡುವುದು 64 ಮಿ.ಮೀ. ಮುಂದಿನ ಗಾಜಿನ ಅರ್ಧ ವ್ಯಾಸ 35 ಸೇರಿಸಿದರೆ 99. ಎರಡು ಪಟ್ಟು ಮಾಡಿದರೆ 198. ನಿಮ್ಮ ಲೆನ್ಸ್ 35 ಮಿ.ಮೀ.ಯಿಂದ ಶುರುವಾಗುವಂಥದ್ದಾದರೆ ತೂತು 160 ಸಾಕು. ಕಿಟಕಿಯ ಗಾಜು ಸಣ್ಣ ಸಣ್ಣ ಚೌಕಗಳಾಗಿದ್ದಾಗ ಈ ಲೆಕ್ಕವೇ ಕೈಹಿಡಿಯುತ್ತದೆ.

ತೂತಿನ ಎತ್ತರವನ್ನು ಹಲಗೆಯ ಮೇಲೆ ಹೆಡ್, ಪ್ಲೇಟ್, ಕ್ಯಾಮೆರಾ ಎಲ್ಲ ಕೂರಿಸಿಯೇ ಅಳೆಯಿರಿ. ಸಾಮಾನ್ಯ ಹೆಡ್ಡಿನಲ್ಲಿ ಲೆನ್ಸಿನ ನಡು ಹಲಗೆಯಿಂದ ಸುಮಾರು 155 ಮಿ.ಮೀ. ಮೇಲಿರುತ್ತದೆ, ಆಗ ತೂತಿನ ಕೆಳಗೆ ಫಲಕ 55 ಮಿ.ಮೀ. ಉಳಿಯುತ್ತದೆ. ಕಿಟಕಿ ರೆಕ್ಕೆಯ ಕೆಳಪಟ್ಟಿ ಅದಕ್ಕಿಂತ ಎತ್ತರವಾಗಿದ್ದರೆ ಅರ್ಧ ತೂತಿಗೆ ಗಾಜಿನ ಬದಲು ಮರವೇ ಎದುರಾಗುತ್ತದೆ. ಹೆಡ್ಡಿನ ಕೆಳಗೆ ಮರದ ಗಟ್ಟಿಯೊಂದನ್ನು ಕೊಟ್ಟು ಎತ್ತರಿಸಿ, ಬೋಲ್ಟನ್ನೂ ಅಷ್ಟೇ ಉದ್ದದ್ದು ತನ್ನಿ.

ಗಾಜು ಚೌಕಟ್ಟಿಗಿಂತ ಹಿಂದಕ್ಕೆ ಕೂತಿರುತ್ತದೆ ಎಂಬುದು ಮೊದಲ ಸಲ ಕಟ್ಟುವಾಗ ಮರೆತುಹೋಗುವ ಸಂಗತಿ. ಫಲಕ ಚೌಕಟ್ಟಿಗೆ ತಾಗಿ ನಿಂತು, ಗಾಜು ಇನ್ನೂ ಎರಡು ಬೆರಳು ಆಚೆ ಉಳಿದು, ಆ ಸಂದಿನಿಂದ ಕೋಣೆಯ ಬೆಳಕೆಲ್ಲ ಒಳನುಗ್ಗುತ್ತದೆ. ಚೌಕಟ್ಟಿನಿಂದ ಗಾಜಿಗೆ ಎಷ್ಟು ಆಳ ಎಂದು ಅಳೆದು, 6 ಮಿ.ಮೀ. ಪ್ಲೈನಲ್ಲಿ ಹೊರಗೆ 240, ಒಳಗೆ 200 ಮಿ.ಮೀ.ಯ ಬಳೆಗಳನ್ನು ಕೊಯ್ದು, ಅಷ್ಟು ಆಳ ತುಂಬುವವರೆಗೆ ಒಂದರ ಮೇಲೊಂದು ಅಂಟಿಸಿ. 24 ಮಿ.ಮೀ. ಆಳಕ್ಕೆ ನಾಲ್ಕು ಬಳೆ. ಕೊನೆಯ ಬಳೆಯ ಮೇಲೆ 10 ಮಿ.ಮೀ. ದಪ್ಪದ ಮೆತ್ತನೆಯ ಕಪ್ಪು ಫೋಮ್. ಗಾಜಿಗೆ ಒತ್ತಿದಾಗ ಫೋಮ್ 10ರಿಂದ 7ಕ್ಕೆ ಕುಗ್ಗಿದರೆ ಸಾಕು. ಅದಕ್ಕಿಂತ ಒತ್ತಿದರೆ ಗಾಜು ಬಾಗುತ್ತದೆ, ಹಲಗೆಯ ಅಲುಗಾಟವೂ ಗಾಜಿಗೆ ಹತ್ತುತ್ತದೆ.

ಫಲಕದ ಎರಡೂ ಮೈಗೆ, ಬಳೆಗಳ ಒಳಮೈಗೆ ಮ್ಯಾಟ್ ಕಪ್ಪು ಬಣ್ಣ ಎರಡು ಕೈ ಬಳಿದು, ನಡುವೆ 220 ನಂಬರಿನ ಸ್ಯಾಂಡ್‌ಪೇಪರ್ ತಿಕ್ಕಿ. ಒಣಗಿದ ಮೇಲೆ ಎರಡು ಎಲ್-ಪಟ್ಟಿಗಳಿಂದ ಫಲಕವನ್ನು ಹಲಗೆಯ ಮುಂದಂಚಿಗೆ ನಿಲ್ಲಿಸಿ. ಲಂಬ ಸರಿಯಿದೆಯೇ ಎಂದು ಮೂಲೆಮಟ್ಟ ಇಟ್ಟು ನೋಡಿಯೇ ಕೊನೆಯ ಸ್ಕ್ರೂ ಬಿಗಿ ಮಾಡಿ.

ಮೂತಿಗೆ ಕಪ್ಪು ಮಖಮಲ್ಲು ಒಳಗೆ, ಬೆಳಕು ಹಾಯದ ದಪ್ಪ ಕಪ್ಪು ಬಟ್ಟೆ ಹೊರಗೆ. ಮಖಮಲ್ಲಿನ ಜುಂಗು ಲೆನ್ಸಿನ ಕಡೆಗಿರಲಿ. ಓರೆಯಾಗಿ ಬಿದ್ದ ಬೆಳಕಿಗೆ ಕಪ್ಪು ಬಣ್ಣವೂ ಮಿನುಗುತ್ತದೆ. ಮಖಮಲ್ಲಿನ ಎದ್ದುನಿಂತ ನೂಲುಗಳು ಅದನ್ನು ನುಂಗಿಬಿಡುತ್ತವೆ. ತೂತಿನ ಸುತ್ತಳತೆ 628 ಮಿ.ಮೀ., ಹೊಲಿಗೆಗೆ ಎರಡು ಕಡೆ 15 ಸೇರಿಸಿ 658 ಅಗಲ, 200 ಉದ್ದದ ಎರಡು ತುಂಡು ಕತ್ತರಿಸಿ ಕೊಳವೆಯಾಗಿ ಹೊಲಿಯಿರಿ. ಒಂದು ಬಾಯನ್ನು ಫಲಕದ ಹಿಂಬದಿಗೆ, ತೂತಿನ ಸುತ್ತ ಸ್ಟೇಪಲ್ ಹೊಡೆದು ಮೇಲೆ ಅಂಟುಪಟ್ಟಿ ಹಾಕಿ. ಇನ್ನೊಂದು ಬಾಯಿಗೆ ಮಡಿಕೆ ಹೊಲಿದು, ಸೇರಿಸಿದ ಮೇಲೆ 210 ಮಿ.ಮೀ. ಸುತ್ತಳತೆ ಬರುವ ಎಲಾಸ್ಟಿಕ್ ತೂರಿಸಿ. 82 ಮಿ.ಮೀ. ವ್ಯಾಸದ ಲೆನ್ಸ್ ಮೈಗೆ ಅದು ಹಿತವಾಗಿ ಕಚ್ಚುತ್ತದೆ. ಜೂಮ್, ಫೋಕಸ್ ಬಳೆಗಳನ್ನು ಬಿಟ್ಟು ಹಿಡಿಯುವಂತೆ ಕೂರಿಸಿ. ಎಲಾಸ್ಟಿಕ್ ಫೋಕಸ್ ಬಳೆಯ ಮೇಲೆ ಕೂತರೆ ಬಟ್ಟೆಯ ಎಳೆತಕ್ಕೆ ಫೋಕಸ್ ಮೆಲ್ಲಗೆ ಜಾರುತ್ತದೆ.

ಮೂತಿಯೊಳಗೆ ಮಂಜು

ಇಷ್ಟು ಕಟ್ಟಿ ಮೊದಲ ಬೆಳಗ್ಗೆ ಕ್ಯಾಮೆರಾ ಕೂರಿಸಿದರೆ, ಸ್ವಲ್ಪ ಹೊತ್ತಿಗೆ ಒಂದು ವಿಚಿತ್ರ ಕಾಣುತ್ತದೆ: ಸುತ್ತಲ ಗಾಜು ಶುಭ್ರ, ಮೂತಿ ಕೂತ ಕಡೆ ಮಾತ್ರ ದುಂಡಗೆ ಬಿಳಿ ಮಂಜು. ಅಂಚು ಗೆರೆ ಕೊಯ್ದಂತಿರುತ್ತದೆ, ಒಳಗೆ ಸೂಜಿಮೊನೆಯಷ್ಟು ಹನಿಗಳು. ಕ್ಯಾಮೆರಾದ ಪರದೆಯ ಮೇಲಿನ ನೇರ ನೋಟದಲ್ಲಿ (ಲೈವ್ ವ್ಯೂ) ಚಿತ್ರ ಮೆಲ್ಲಗೆ ಕಾಂತಿ ಕಳೆದುಕೊಳ್ಳುತ್ತ ಹೋಗುವುದರಿಂದ ಫೋಕಸ್ ತಪ್ಪಿತೆಂದೇ ಭಾಸವಾಗುತ್ತದೆ.

ಕಾರಣ ಸರಳ. ಕಿಟಕಿಯ ಗಾಜನ್ನು ಬೆಚ್ಚಗಿಡುವುದು ಕೋಣೆಯ ಗಾಳಿಯೇ. ಫೋಮು ಬಟ್ಟೆ ಸೇರಿ ಆ ಗಾಳಿ ತಡೆದುಬಿಟ್ಟವು. ಅಷ್ಟು ಗಾಜು ಹೊರಗಿನ ಚಳಿಗೆ ಹತ್ತಿರವಾಯಿತು, ಒಳಗೆ ಸಿಕ್ಕಿಬಿದ್ದ ಗಾಳಿಯ ತೇವ ಅದರ ಮೇಲೆ ಕೂತಿತು. ದಪ್ಪ ಪರದೆ ಎಳೆದ ಕಿಟಕಿ ಬೆಳಗ್ಗೆ ಬೆವರಿರುವುದೂ ಹೀಗೆಯೇ. ಕೋಣೆ 20 ಡಿಗ್ರಿ ಇದ್ದು ತೇವಾಂಶ ಶೇ. 50 ಇದ್ದರೆ ಸುಮಾರು 9 ಡಿಗ್ರಿಗೆ ತಣಿದ ಮೈಯ ಮೇಲೆ ಹನಿ ಕಟ್ಟುತ್ತದೆ, ತೇವಾಂಶ ಶೇ. 40ಕ್ಕೆ ಇಳಿದರೆ 6 ಡಿಗ್ರಿಯವರೆಗೂ ಗಾಜು ಒಣಗಿರುತ್ತದೆ. ಹೊರಗೆ 0 ಡಿಗ್ರಿ ಇದ್ದಾಗ ಒಂಟಿ ಗಾಜಿನ ಒಳಮೈ 5 ಡಿಗ್ರಿಯ ಆಸುಪಾಸು, ಸಾಮಾನ್ಯ ಜೋಡಿ ಗಾಜಿನದ್ದು 12-13. ಅಂದರೆ ಒಂಟಿ ಗಾಜು ಮೂತಿಯಿಲ್ಲದೆಯೇ ಬೆವರುತ್ತದೆ, ಜೋಡಿ ಗಾಜು ಮೂತಿ ಹಾಕಿದ ಮೇಲೆ ಬೆವರತೊಡಗುತ್ತದೆ.

ಪರಿಹಾರ ಎರಡು ಕಡೆಯಿಂದ. ಬಳೆಗಳ ರಾಶಿಯಲ್ಲಿ ಮೇಲೊಂದು ಕೆಳಗೊಂದು 12 ಮಿ.ಮೀ. ತೂತು ಕೊರೆದು, ಪ್ರತಿಯೊಂದರ ಹೊರಬಾಯಿಗೆ ಮೊಣಕೈಯಂತೆ ಬಾಗಿದ, ಒಳಗೆ ಕಪ್ಪು ಬಳಿದ ಪೈಪು ತುಂಡು ಸಿಕ್ಕಿಸಿ. ಗಾಳಿ ತಿರುವು ಹಾಯುತ್ತದೆ, ಬೆಳಕು ಹಾಯುವುದಿಲ್ಲ. ತಣಿದ ಗಾಳಿ ಕೆಳಗಿನಿಂದ ಜಾರಿ ಹೋಗಿ ಕೋಣೆಯ ಗಾಳಿ ಮೇಲಿನಿಂದ ಬರುತ್ತ ಗಾಜನ್ನು ಕೋಣೆಯ ಬಿಸಿಗೆ ಹತ್ತಿರ ಇಡುತ್ತದೆ. ಒಂಟಿ ಗಾಜಿಗೆ ಇದಷ್ಟೇ ಸಾಲದು. ಕೋಣೆಯ ತೇವವನ್ನೇ ಇಳಿಸಬೇಕು. ಫೋಟೊ ತೆಗೆಯುವ ಕೋಣೆಯಲ್ಲಿ ಹಿಂದಿನ ಸಂಜೆಯಿಂದ ಬಟ್ಟೆ ಒಣಹಾಕಬೇಡಿ, ಅಡುಗೆಮನೆಯ ಕಡೆಯ ಬಾಗಿಲು ಮುಚ್ಚಿಡಿ, ಬೆಳಗ್ಗೆ ಐದು ನಿಮಿಷ ಬೇರೆ ಕಿಟಕಿ ಪೂರ್ತಿ ತೆರೆದು ಮುಚ್ಚಿ. ಹೊರಗಿನ ಚಳಿಗಾಳಿಯಲ್ಲಿ ನೀರಾವಿ ತೀರ ಕಡಿಮೆ. ಅದು ಒಳಬಂದು ಬೆಚ್ಚಗಾದಾಗ ಕೋಣೆ ಒಣಗುತ್ತದೆ. ಮೂತಿಯ ಒಳಗೆ ಹೊಲಿದ ಸಣ್ಣ ಜೇಬಿನಲ್ಲಿ 20 ಗ್ರಾಂ ಸಿಲಿಕಾ ಜೆಲ್ ಇಡಬಹುದು. ಗಾಳಿ ತೂತುಗಳಿಗೆ ಅದು ಬದಲಿಯಲ್ಲ, ಊರುಗೋಲು ಮಾತ್ರ.

ಹೇರ್ ಡ್ರೈಯರ್ ಹಿಡಿದು ಮಂಜು ಆರಿಸುವ ಆಸೆ ಬಿಡಿ. ಹೆಪ್ಪುಗಟ್ಟುವಷ್ಟು ತಣ್ಣಗಿರುವ ಗಾಜಿನ ಒಂದೇ ಕಡೆ ಬಿಸಿ ಬಿದ್ದರೆ ಗಾಜು ಸೀಳಬಹುದು. ಸೀಳದಿದ್ದರೂ ಗಾಜಿನ ಮುಂದೆ ಬಿಸಿಗಾಳಿ ಕುಣಿಯುತ್ತಿರುವಷ್ಟು ಹೊತ್ತು ದೂರದ ಮರಗಳು ನೀರೊಳಗಿನಂತೆ ತೊನೆಯುತ್ತವೆ. ಗಾಜಿನ ಕೆಳಗೇ ಹೀಟರ್ ಇದ್ದರೆ ಅದನ್ನೂ ಅರ್ಧ ಗಂಟೆ ಮೊದಲು ಆರಿಸುವುದು ಇದೇ ಕಾರಣಕ್ಕೆ.

ಗಾಜು ಒರೆಸುವುದು

ಹೊರಮೈಗೆ ಬರೀ ನೀರು ಬಳಸಿದರೆ ಒರೆಸುವ ಮೊದಲೇ ಹೆಪ್ಪುಗಟ್ಟುತ್ತದೆ. ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್, ಎರಡು ಪಾಲು ಡಿಸ್ಟಿಲ್ಡ್ ನೀರು, ಅರ್ಧ ಲೀಟರಿಗೆ ಪಾತ್ರೆ ತೊಳೆಯುವ ಸೋಪಿನ ಒಂದೇ ಹನಿ. ರಬ್ಬರ್ ಅಂಚಿನ ವೈಪರಿನಿಂದ ಮೇಲಿನಿಂದ ಕೆಳಗೆ ಎಳೆದು, ಪ್ರತಿ ಎಳೆತಕ್ಕೂ ರಬ್ಬರ್ ಒರೆಸಿಕೊಳ್ಳಿ. ಈ ದ್ರಾವಣಕ್ಕೆ ಬೆಂಕಿ ಹತ್ತುತ್ತದೆ, ಒಲೆ ಹೀಟರುಗಳಿಂದ ದೂರವಿರಲಿ. ಗಾಜಿನ ಮೇಲೆ ಗಟ್ಟಿಯಾದ ಮರಳಿನ ಕಣ ಕಂಡರೆ ಮೊದಲು ದ್ರಾವಣದಿಂದ ನೆನೆಸಿ ತೇಲಿಸಿ, ಒಣ ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ.

ಹಲಗೆಯ ಮೇಲೆ ಕ್ಯಾಮೆರಾ

ಹಿಮದ ಬಿಳುಪು ಕ್ಯಾಮೆರಾದ ಮೀಟರಿಗೆ ತಿಳಿಯುವುದಿಲ್ಲ. ಅದು ಎಲ್ಲವನ್ನೂ ನಡುಬೂದು ಮಾಡಲು ಹೊರಡುತ್ತದೆ. ಮೋಡದ ದಿನ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಹೇಳಿದ ಬೆಳಕನ್ನು ಹೆಚ್ಚುಕಡಿಮೆ ಮಾಡುವ ತಿದ್ದುಪಡಿ) +1⅓ರಿಂದ ಶುರುಮಾಡಿ, ಫ್ರೇಮಿನ ತುಂಬ ಹಿಮವೇ ಇದ್ದರೆ +2ರವರೆಗೆ ಹೋಗಬೇಕಾದೀತು. ದಟ್ಟ ಮಂಜಿಗೆ +⅔ ಅಥವಾ +1. ಬಿಸಿಲು ಬಿದ್ದ ಹಿಮಕ್ಕೆ ಮ್ಯಾನ್ಯುಯಲ್ ಮೋಡಿನಲ್ಲಿ ಐಎಸ್‌ಒ 100, ಎಫ್/8, 1/640 ಸೆಕೆಂಡ್ ಒಳ್ಳೆಯ ಆರಂಭ. ಚಿತ್ರದ ಕಪ್ಪಿನಿಂದ ಬಿಳಿಯವರೆಗಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನ ಬಲತುದಿ ಗೋಡೆಗೆ ತಾಗದೆ ಅದರ ಹತ್ತಿರ ನಿಂತಿರಬೇಕು. ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ನೋಡಿ. ಜೋಡಿ ಗಾಜು ತಿನ್ನುವ ಬೆಳಕು ಸುಮಾರು ಮೂರನೆಯ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವೋ ಎರಡು ಪಟ್ಟೋ ಆಗುವ ಹೆಜ್ಜೆ), ಅದನ್ನು ಮೀಟರ್ ತಾನೇ ತೂಗಿಸಿಕೊಳ್ಳುತ್ತದೆ.

ಅಪರ್ಚರ್, ಅಂದರೆ ಲೆನ್ಸಿನೊಳಗಿನ ಬೆಳಕಿನ ಕಂಡಿ, ಎಫ್/5.6ರಿಂದ ಎಫ್/8. ಎಫ್/16ಕ್ಕೆ ಹೋದರೆ, ಅದೂ ಅಗಲ ಲೆನ್ಸಿನಲ್ಲಿ, ಒರೆಸಿ ಉಳಿದ ಕಲೆಗಳೆಲ್ಲ ಆಕಾಶದಲ್ಲಿ ಮಬ್ಬು ಚುಕ್ಕೆಗಳಾಗಿ ಮೂಡುತ್ತವೆ. ಆಟೊ ಫೋಕಸ್ ಬಿಳಿ ಬಯಲಿನಲ್ಲಿ ಹಿಡಿತ ಸಿಗದೆ ಗಾಜಿನ ಮೇಲಿನ ಹನಿಗೆ ಹೋಗಿ ಕೂರುತ್ತದೆ. ಲೈವ್ ವ್ಯೂ ಹತ್ತು ಪಟ್ಟು ಹಿಗ್ಗಿಸಿ, ದೂರದ ಎಲೆಯಿಲ್ಲದ ಕೊಂಬೆಯ ಅಂಚಿಗೆ ಕೈಯಿಂದ ಫೋಕಸ್ ಮಾಡಿ, ಬಳೆಗೊಂದು ತುಂಡು ಅಂಟುಪಟ್ಟಿ ಹಚ್ಚಿಬಿಡಿ. ಫೋಕಸಿಗೆ ನೆರವಾಗುವ ಪುಟ್ಟ ದೀಪ, ಫ್ಲಾಶ್ ಎರಡನ್ನೂ ಮೆನುವಿನಲ್ಲೇ ಆರಿಸಿ. 2 ಸೆಕೆಂಡ್ ಟೈಮರ್ ಸಾಕು, ರಿಮೋಟ್ ಬೇಕೆಂದಿಲ್ಲ.

ಬೀಳುವ ಹಿಮ ಕಾಣಬೇಕಾದರೆ ಹಿಂದೆ ಕಪ್ಪಿರಬೇಕು: ಹಸಿರು ದಟ್ಟವಾದ ಮರ, ಕೊಟ್ಟಿಗೆಯ ಗೋಡೆ. ಬಿಳಿ ಆಕಾಶದ ಎದುರು ಎಷ್ಟು ಹಿಮ ಬಿದ್ದರೂ ಚಿತ್ರದಲ್ಲಿ ಸುಳಿವಿರುವುದಿಲ್ಲ. 1/250ಕ್ಕೆ ಚೂರುಗಳು ಚುಕ್ಕೆಗಳಾಗಿ ನಿಲ್ಲುತ್ತವೆ, 1/30ಕ್ಕೆ ಗೆರೆಗಳಾಗಿ ಇಳಿಯುತ್ತವೆ. ಎರಡರಲ್ಲಿ 1/30ರ ಗೆರೆಗಳೇ ಹಿಮ ಸುರಿಯುವ ಹೊತ್ತನ್ನು ಹೆಚ್ಚು ನಿಜವಾಗಿ ಹೇಳುತ್ತವೆ.

ಬಣ್ಣಕ್ಕೆ ಬಂದರೆ, ಗಾಜಿನಲ್ಲಿರುವ ಕಬ್ಬಿಣದ ಅಂಶ ಚಿತ್ರಕ್ಕೆ ತೆಳು ಹಸಿರು ಕೊಡುತ್ತದೆ. ಬೂದು ಕಾರ್ಡನ್ನು ಹೊರಗೆ ಕಟ್ಟೆಗೆ ಒರಗಿಸಿ ಅದೇ ಗಾಜಿನ ಮೂಲಕ ಒಂದು ಫೋಟೊ ತೆಗೆದು ಅದರಿಂದ ವೈಟ್ ಬ್ಯಾಲೆನ್ಸ್ ಹಿಡಿಯಿರಿ. ಆದರೆ ಬಿಸಿಲು ದಿನದ ನೆರಳಿನ ಹಿಮದ ನೀಲಿ ಗಾಜಿನ ತಪ್ಪಲ್ಲ, ಅದು ಆಕಾಶದ ಬೆಳಕು. ಅದನ್ನು ಪೂರ್ತಿ ಅಳಿಸಿದರೆ ಹಿಮ ಸುಣ್ಣದಂತಾಗುತ್ತದೆ.

ಲೆನ್ಸಿನ ಮುಂದೆ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲ್ಟರ್) ಹಾಕಿದರೆ ಪ್ರತಿಫಲನ ಹೋಗುತ್ತದೆ ಎಂಬುದು ಅರ್ಧ ಸತ್ಯ. ಗಾಜನ್ನು ಸುಮಾರು 56 ಡಿಗ್ರಿ ಓರೆಯಿಂದ ನೋಡಿದಾಗ ಅದು ಪೂರ್ತಿ ಕೆಲಸ ಮಾಡುತ್ತದೆ, ನೇರ ಎದುರು ನಿಂತಾಗ ಏನೂ ಮಾಡುವುದಿಲ್ಲ. ಈ ಹಲಗೆಯಲ್ಲಿ ಕ್ಯಾಮೆರಾ ನೇರವಾಗಿಯೇ ಇರುವುದರಿಂದ ಒಂದೂವರೆ ಸ್ಟಾಪ್ ಬೆಳಕು ದಂಡ. ಗಾಜು ಟಫನ್ಡ್ (ಕಾಯಿಸಿ ತಣಿಸಿ ಗಟ್ಟಿಗೊಳಿಸಿದ್ದು) ಆಗಿದ್ದರಂತೂ ಪೋಲರೈಸರಿನಲ್ಲಿ ಅದರ ಒಳಬಿಗಿತ ಕಪ್ಪು ಪಟ್ಟೆ ಮಚ್ಚೆಗಳಾಗಿ ಕಾಣಿಸಿಕೊಳ್ಳುತ್ತದೆ.

ಕಿಟಕಿ ತೆರೆಯಲೇಬೇಕಾದಾಗ

ಚಂದ್ರ, ದೂರದ ದೀಪಗಳು, 200 ಮಿ.ಮೀ. ಮೀರಿದ ಲೆನ್ಸ್: ಇವಕ್ಕೆ ಗಾಜು ಬೇಡ. ಜೋಡಿ ಗಾಜಿನಲ್ಲಿ ಚಂದ್ರನ ಪಕ್ಕ ಮಸುಕಾದ ಮರಿಚಂದ್ರ ಮೂಡುವುದನ್ನು ಯಾವ ಮೂತಿಯೂ ತಡೆಯದು. ಆದರೆ ಬೆಚ್ಚಗಿನ ಕೋಣೆಯ ಕಿಟಕಿ ತೆರೆದ ಕೂಡಲೇ ಬಿಸಿಗಾಳಿ ಮೇಲಿನಿಂದ ಹೊರಕ್ಕೂ ಚಳಿಗಾಳಿ ಕೆಳಗಿನಿಂದ ಒಳಕ್ಕೂ ನುಗ್ಗಿ ಲೆನ್ಸಿನ ಎದುರೇ ಬೆರೆಯುತ್ತವೆ. ಆ ಚಿತ್ರ ಗಾಜಿನ ಮೂಲಕ ತೆಗೆದದ್ದಕ್ಕಿಂತ ಕೆಟ್ಟದ್ದು. ಹೀಟರ್ ಆರಿಸಿ, ಮನೆಯ ಉಳಿದ ಭಾಗಕ್ಕೆ ಹೋಗುವ ಬಾಗಿಲು ಮುಚ್ಚಿ, ಕಿಟಕಿ ತೆರೆದು ಕನಿಷ್ಠ ಅರ್ಧ ಗಂಟೆ ಕಾಯಿರಿ. ಕ್ಯಾಮೆರಾ ಲೆನ್ಸುಗಳೂ ಆ ಹೊತ್ತು ಅಲ್ಲೇ ತಣಿಯಲಿ. ಮುಗಿದ ಮೇಲೆ ಕಿಟಕಿ ಮುಚ್ಚುವ ಮೊದಲೇ ಅವನ್ನು ಜಿಪ್ ಚೀಲದೊಳಗೆ ಹಾಕಿ ಗಾಳಿ ಹಿಂಡಿ ಮುಚ್ಚಿ. ತೇವ ಚೀಲದ ಹೊರಗೆ ಕಟ್ಟುತ್ತದೆ, ಲೆನ್ಸಿನ ಮೇಲಲ್ಲ. ಕೋಣೆ ಬೆಚ್ಚಗಾಗಿ ಎರಡು ಗಂಟೆ ಕಳೆದ ಮೇಲೆ ತೆರೆಯಿರಿ. ಮೆಮೊರಿ ಕಾರ್ಡ್ ಚೀಲಕ್ಕೆ ಹಾಕುವ ಮೊದಲೇ ತೆಗೆದುಕೊಂಡರೆ ಕಾಯುವ ಸಂಕಟವಿಲ್ಲ.

ದಿನದ ಕೆಲಸ ಮುಗಿದಾಗ ಹಲಗೆಯನ್ನು ಗಾಜಿನಿಂದ ಕಳಚಿಡಿ. ರಾತ್ರಿಯಿಡೀ ಫೋಮ್ ಒತ್ತಿಕೊಂಡೇ ಇದ್ದರೆ ಅದರ ಕೆಳಗೆ ನೀರು ನಿಂತು, ಮರದ ಚೌಕಟ್ಟಿನ ಬಣ್ಣ ಉಬ್ಬಿ, ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ಲಿನ ಕಿತ್ತಳೆ ಕಾಳುಗಳು ಹಸಿರಿಗೆ ತಿರುಗಿದ್ದರೆ ಜೇಬಿನಿಂದ ತೆಗೆದು ತಟ್ಟೆಯಲ್ಲಿ ಹರಡಿ, 120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಇಟ್ಟು, ಬಿಸಿಯಾರಿದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ.